ಮೂಸಿ ನದಿ ಕಲಿಸಿದ ಪಾಠ

ನೆರೆ ಬಂದಾಗಲೆಲ್ಲ ನಾವು ಮಳೆಯನ್ನು ದೂರುತ್ತೇವೆ. ಆ ನೀರು ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಏನಿತ್ತು ಎಂದು ವಿಚಾರಿಸುವವರು ಕಡಿಮೆ. ಹೈದರಾಬಾದಿನ ಇತಿಹಾಸವು ಆ ವಿಚಾರಣೆಯ ಅಗತ್ಯವನ್ನು ತೋರಿಸಿಕೊಡುತ್ತದೆ.

1908ರ ಸೆಪ್ಟೆಂಬರ್ 28. ರಮಝಾನ್ ತಿಂಗಳು ಆಗಷ್ಟೇ ಆರಂಭವಾಗಿತ್ತು. ಮೂಸಿ ನದಿ ಉಕ್ಕಿ ನಗರದೊಳಗೆ ನುಗ್ಗಿತು. ಸಾವಿರಾರು ಮನೆಗಳು ನೆಲಸಮವಾದವು. ಸುಮಾರು 15,000 ಜನ ಸತ್ತರೆಂದು ಅಂದಾಜು. ಉರ್ದು ಕವಿ ಅಮ್ಜದ್ ಹೈದರಾಬಾದಿ ತಮ್ಮ ತಾಯಿ, ಮಡದಿ ಮತ್ತು ಮಗಳನ್ನು ಈ ನೆರೆಯಲ್ಲಿ ಕಳೆದುಕೊಂಡರು. ಅಫ್ಝಲ್‌ಗಂಜ್‌ನ ಹುಣಸೆಮರವೊಂದನ್ನು ಏರಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಶತಮಾನದ ಬಳಿಕವೂ ಜನರು ಆ ಮರದಡಿ ಸೇರಿ ಮೃತರನ್ನು ಸ್ಮರಿಸಿದ್ದುಂಟು.

ಆರನೆಯ ನಿಝಾಮ ಮೀರ್ ಮಹಬೂಬ್ ಅಲಿ ಖಾನರ ಸರಕಾರವು ಸಂತ್ರಸ್ತರಿಗೆ ನೆರವು ನೀಡಿ ಸುಮ್ಮನಾಗಲಿಲ್ಲ. ಮುಂಬಯಿ ಸರಕಾರದ ಸೇವೆಯಿಂದ ಹೊರಬಂದಿದ್ದ ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಬಂದ ಅವರು ನಗರವನ್ನಷ್ಟೇ ನೋಡದೆ, ನದಿಗೆ ನೀರು ಹರಿದುಬರುವ ಇಡೀ ಪ್ರದೇಶವನ್ನು ಪರಿಶೀಲಿಸಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವ ಈ ಸರಪಳಿ ರೈತರಿಗೆ ಜೀವಾಧಾರ. ಆದರೆ ಮೇಲಿನ ಏರಿ ಒಡೆದರೆ ಕೆಳಗಿನದಕ್ಕೂ ಉಳಿಗಾಲವಿಲ್ಲ. ಮಳೆಯ ಜೊತೆಗೆ ಒಡೆದ ಕೆರೆಗಳ ನೀರೂ ನಗರದ ಮೇಲೆರಗಿತ್ತು.

ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ, ನೆರೆನೀರನ್ನು ತಡೆದು ಮೆಲ್ಲನೆ ಬಿಡಬೇಕೆಂದು ಅವರು ಸೂಚಿಸಿದರು. ಏಳನೆಯ ನಿಝಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಸಿದ್ಧವಾದವು. ನಗರಕ್ಕೆ ರಕ್ಷಣೆಯೊಂದಿಗೆ ಕುಡಿಯುವ ನೀರೂ ದೊರೆಯಿತು. 1912ರಲ್ಲಿ ನಗರ ಸುಧಾರಣಾ ಮಂಡಳಿಯೂ ಹುಟ್ಟಿಕೊಂಡಿತು.

ಕಟ್ಟಿದ್ದನ್ನು ಕಾಯುವುದು ಕಟ್ಟುವುದಕ್ಕಿಂತ ಕಷ್ಟ. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬಡಾವಣೆ, ಕಾರ್ಖಾನೆಗಳಿಗೆ 1996ರಲ್ಲಿ ನಿರ್ಬಂಧ ಹೇರಲಾಯಿತು. 2022ರಲ್ಲಿ ತೆಲಂಗಾಣ ಸರಕಾರ ಅದನ್ನು ತೆಗೆಯುವ ಆದೇಶ ಹೊರಡಿಸಿತು. ಅದಕ್ಕೆ ಎರಡೇ ವರ್ಷ ಮೊದಲು, 2020ರ ಅಕ್ಟೋಬರಿನಲ್ಲಿ, ಪಲ್ಲೆ ಚೆರುವು ಮತ್ತು ಗುರ್ರಂ ಚೆರುವು ಎಂಬ ಕೆರೆಗಳು ಒಡೆದು ತಗ್ಗಿನ ಬಡಾವಣೆಗಳು ಮುಳುಗಿದ್ದವು. ವಿಶ್ವೇಶ್ವರಯ್ಯನವರು ಗುರುತಿಸಿದ್ದ ಅದೇ ಅಪಾಯ!

ಜಲಾಶಯವು ತನ್ನ ಮೇಲ್ಭಾಗದ ನೀರನ್ನಷ್ಟೇ ತಡೆಯಬಲ್ಲದು. ಊರೊಳಗಿನ ಕೆರೆಗಳಿಗೆ ನಾವೇ ಕಾವಲು. ಹುಣಸೆಮರದಡಿ ಸೇರಿ ಸತ್ತವರನ್ನು ನೆನೆಯುವುದು ಒಳ್ಳೆಯದೇ. ಆದರೆ ಕೆರೆಯ ಏರಿಯನ್ನು ಭದ್ರವಾಗಿಡುವುದು, ಕೋಡಿಯ ಕಾಲುವೆಯ ಮೇಲೆ ಮನೆ ಏಳದಂತೆ ನೋಡಿಕೊಳ್ಳುವುದು ಬದುಕಿರುವವರಿಗೆ ನಾವು ಸಲ್ಲಿಸಬೇಕಾದ ಋಣ. ಕೆರೆಗಳಿರುವ ನಮ್ಮೆಲ್ಲ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ.