ಗ್ಲೋ ಆಫ್ ಹೋಪ್ (ಜಲವರ್ಣ ಚಿತ್ರ)

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ‘ದೀಪ ಹಿಡಿದ ಹೆಂಗಸು’ ಎಲ್ಲಿ ಎಂದು ಕೇಳಿಕೊಂಡು ಹೋಗಿ ನೋಡುವ ಚಿತ್ರವಿದು. ರಚಿಸಿದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಎಸ್. ಎಲ್. ಹಲ್ದಣಕರ್ (1882–1968); ಕಾಲ 1945–46. ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಇದನ್ನು ರವಿವರ್ಮನ ಕೃತಿ ಎಂದು ಈಗಲೂ ಹಲವರು ನಂಬಿದ್ದಾರೆ. ಆದರೆ ರವಿವರ್ಮ ತೀರಿಕೊಂಡದ್ದು 1906ರಲ್ಲಿ.

ಚಿತ್ರದಲ್ಲಿ ಕಥೆ ಹೇಳುವ ವಸ್ತುಗಳು ತೀರಾ ಕಡಿಮೆ. ಸೀರೆಯುಟ್ಟ ಹೆಣ್ಣು, ಒಂದು ದೀಪ, ಹಿಂದಿನ ಗೋಡೆಯ ಮೇಲೆ ನೆರಳು, ಅಷ್ಟೇ. ಅರ್ಥವೆಲ್ಲ ಇರುವುದು ಕೈಗಳಲ್ಲಿ. ಒಂದು ಕೈ ದೀಪ ಹಿಡಿದಿದೆ, ಇನ್ನೊಂದು ಕುಡಿಗೆ ಮರೆಯಾಗಿದೆ. ಬೆಳಕು ಬೆರಳುಗಳನ್ನು ಹಾಯ್ದು, ಅಂಚುಗಳಲ್ಲಿ ರಕ್ತದ ಕೆಂಪು ತೋರುತ್ತದೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಉರಿಯಲ್ಲ, ಅದನ್ನು ಕಾಯುತ್ತಿರುವ ಅಂಗೈ.

ಫ್ರಾನ್ಸಿನ ಜಾರ್ಜ್ ದ ಲಾ ತೂರ್ 17ನೆಯ ಶತಮಾನದಲ್ಲೇ, ಬಡಗಿ ಜೋಸೆಫನ ಮುಂದೆ ಮೇಣದಬತ್ತಿ ಹಿಡಿದ ಬಾಲಯೇಸುವಿನ ಬೆರಳುಗಳನ್ನು ಹೀಗೆ ಹೊಳೆಯಿಸಿದ್ದ. ಅದು ತೈಲವರ್ಣ; ಕತ್ತಲೆಯ ಮೇಲೆ ಬೆಳಕನ್ನು ಬಳಿಯಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಬೆಳಕೆಂದರೆ ಕಾಗದದ್ದೇ ಬಿಳುಪು. ಎಲ್ಲಿ ಬಣ್ಣ ತೆಳುವಾಗಿರಬೇಕು, ಎಲ್ಲಿ ಕುಂಚ ಮುಟ್ಟಲೇಬಾರದು ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. ಉರಿಯನ್ನು ಅವಳು ಕಾಯ್ದಂತೆಯೇ ಕಾಗದದ ಬಿಳುಪನ್ನು ಹಲ್ದಣಕರ್ ಕಾಯ್ದಿದ್ದಾರೆ. ಈ ಚಿತ್ರದ ನಿಜವಾದ ಹೆಚ್ಚುಗಾರಿಕೆ ಇದು.

ಶೀರ್ಷಿಕೆ ‘ಭರವಸೆಯ ಬೆಳಕು’ ಎನ್ನುತ್ತದೆ. ಕನ್ನಡದ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚಿದರೆ ಲಕ್ಷ್ಮಿ ಬರುತ್ತಾಳೆ ಎನ್ನುವವರಿಗೆ ಈ ಅರ್ಥ ಸಹಜ. ಆದರೆ ಅದೇ ಮನೆಗಳಲ್ಲಿ ‘ದೀಪ ಆರಿಸು’ ಎನ್ನಲು ಹಿರಿಯರು ಹಿಂಜರಿಯುತ್ತಾರೆ. ‘ದೀಪ ಶಾಂತ ಮಾಡು’, ‘ದೊಡ್ಡದು ಮಾಡು’ ಎನ್ನುತ್ತಾರೆ. ಆರುವುದೆಂಬ ಮಾತಿಗೇ ಅಷ್ಟು ಅಂಜಿಕೆ. ಆ ಅಂಜಿಕೆ ಇಲ್ಲಿಯೂ ಇದೆ: ಗಾಳಿಯ ಭಯವಿಲ್ಲದಿದ್ದರೆ ಕೈ ಅಡ್ಡ ಹಿಡಿಯಬೇಕಿರಲಿಲ್ಲ. ಮುಖ ಮಾತ್ರ ಶಾಂತ. ಬರೀ ಭರವಸೆ ಎಂದು ಓದಿದರೆ ಚಿತ್ರದ ಅರ್ಧ ಕೈತಪ್ಪುತ್ತದೆ.

ಅವಳು ಯಾರನ್ನೋ ಎದುರುಗೊಳ್ಳಲು ಹೊರಟಿದ್ದಾಳೆಯೋ, ದೇವರ ಮುಂದೆ ದೀಪವಿಡಲು ಹೋಗುತ್ತಿದ್ದಾಳೆಯೋ ಎಂಬುದಕ್ಕೆ ಚಿತ್ರದಲ್ಲಿ ಸುಳಿವಿಲ್ಲ. ಬಾಗಿಲಾಗಲಿ ದೇವರಮನೆಯಾಗಲಿ ಕಾಣುವುದಿಲ್ಲ. ಬೆನ್ನ ಹಿಂದೆ ಅವಳದೇ ನೆರಳು ಮಾತ್ರ ಗೋಡೆಯ ಮೇಲಿದೆ.