ಮಂಗಳೂರಿನ ಫೈಬರ್ ದೋಣಿಯ ಹಿಂಬದಿಯ ಹಲಗೆ: ಒಂದು ಐತಿಹಾಸಿಕ ಪರಿಶೀಲನೆ

ಪಶ್ಚಿಮ ಕರಾವಳಿಯ ನೌಕಾನಿರ್ಮಾಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಲಿದ ಹಡಗುಗಳಿಂದ ಆರಂಭಿಸಿ, ಮೊಳೆಯ ಹಡಗುಗಳನ್ನು ವರ್ಣಿಸಿ, ಯಂತ್ರದ ದೋಣಿ ಬಂದೊಡನೆ ಲೇಖನಿಯನ್ನು ಕೆಳಗಿಡುತ್ತಾರೆ. ಫೈಬರ್‌ಗ್ಲಾಸ್ ದೋಣಿಯು ಅಚ್ಚಿನಲ್ಲಿ ಮೂಡಿದ ವಸ್ತು, ಅದರಲ್ಲಿ ಬಡಗಿಗೆ ಕೆಲಸವಿಲ್ಲ, ಆದುದರಿಂದ ಚರಿತ್ರಕಾರನಿಗೂ ಕೆಲಸವಿಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಈ ಭಾವನೆಯನ್ನು ನಾವು ಒಪ್ಪಲಾರೆವು. ನಮ್ಮ ಆಧಾರ ಹಳೆಯ ದೋಣಿಯ ಒಂದು ಅಂಗ ಮಾತ್ರ: ಯಂತ್ರವನ್ನು ಹೊರುವ ಹಿಂಬದಿಯ ಚಪ್ಪಟೆ ಹಲಗೆ. ಇಂಗ್ಲಿಷಿನಲ್ಲಿ ಟ್ರಾನ್ಸಮ್ ಎನ್ನುವುದು ಇದನ್ನೇ.

ಸುಮಾರು ೧೩೪೨ರಲ್ಲಿ ಮಂಗಳೂರಿಗೆ ಬಂದಿದ್ದ ಮೊರಾಕೋ ದೇಶದ ಇಬ್ನ್ ಬತೂತನು ಭಾರತ ಮತ್ತು ಯೆಮನ್ ದೇಶಗಳ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಕಬ್ಬಿಣದ ಮೊಳೆ ಹೊಡೆದದ್ದು ಬಂಡೆಗೆ ತಾಗಿದರೆ ಒಡೆಯುವುದೆಂದೂ, ಹೊಲಿದದ್ದು ಬಳುಕಿ ಉಳಿಯುವುದೆಂದೂ ಹೇಳಿದ್ದಾನೆ. ಹೊಲಿಗೆಗೆ ಇನ್ನೊಂದು ಗುಣವೂ ಇತ್ತು. ಹುರಿ ಸವೆದಾಗ ಅದನ್ನು ಬಿಚ್ಚಿ, ಕೆಟ್ಟ ಹಲಗೆಯನ್ನು ತೆಗೆದು, ಮತ್ತೆ ಹೊಲಿಯಬಹುದಾಗಿತ್ತು. ದೋಣಿಯನ್ನು ಬಿಚ್ಚುವುದು ಅದನ್ನು ಕಟ್ಟುವ ವಿದ್ಯೆಯಲ್ಲಿಯೇ ಸೇರಿತ್ತು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಹಲವಕ್ಕೆ ಮುಂದೆಯೂ ಹಿಂದೆಯೂ ಚೂಪು. ಹುಟ್ಟು ಹಾಕುವವರಿಗೆ ಹಿಂಬದಿಯಲ್ಲಿ ಚಪ್ಪಟೆ ಹಲಗೆಯ ಅಗತ್ಯವೇ ಇರಲಿಲ್ಲ.

ಆ ಅಗತ್ಯ ಯಂತ್ರದೊಡನೆ ಬಂದಿತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು ರಂಪಣಿ ಹಿಂದೆ ಸರಿಯಿತು. ಮುಂದಿನ ದಶಕದಲ್ಲಿ ನಾಡದೋಣಿಯವರು ಸೀಮೆಎಣ್ಣೆಯಿಂದ ನಡೆಯುವ ಔಟ್‌ಬೋರ್ಡ್ ಯಂತ್ರಗಳನ್ನು ತಮ್ಮ ದೋಣಿಗಳಿಗೆ ಅಳವಡಿಸಿಕೊಳ್ಳತೊಡಗಿದರು. ಅಮೆರಿಕದಲ್ಲಿ ೧೯೪೦ರ ದಶಕದಲ್ಲಿಯೇ ದೋಣಿಗೆ ಬಳಕೆಯಾಗಿದ್ದ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ ನಮ್ಮ ದಡಕ್ಕೂ ಬಂದವು. ಆದರೆ ಗಾಜಿನ ಕವಚವೊಂದೇ ಯಂತ್ರದ ಬಿಗಿತವನ್ನೂ ಒತ್ತಡವನ್ನೂ ತಾಳಲಾರದು. ಆದಕಾರಣ ಹಿಂಬದಿಯಲ್ಲಿ ಎರಡು ಕವಚಗಳ ನಡುವೆ ಪ್ಲೈವುಡ್ ಹಲಗೆಯನ್ನು ಹುದುಗಿಸಿದರು. ಮರ ದೋಣಿಯನ್ನು ಬಿಡಲಿಲ್ಲ, ಮರೆಯಾಯಿತು.

ಮರೆಯಾದ ಮರ ಮರೆಯಲ್ಲಿಯೇ ಕೊಳೆಯುತ್ತದೆ. ಯಂತ್ರವನ್ನು ಬಿಗಿದ ಬೋಲ್ಟಿನ ತೂತುಗಳಿಂದ ನೀರು ಒಳಸೇರಿದರೆ ಹೊರಬರಲು ದಾರಿಯಿಲ್ಲ. ಹೊರಗೆ ಬಣ್ಣ ನಯವಾಗಿಯೇ ಇರುತ್ತದೆ. ಆದುದರಿಂದ ಕೆಲಸ ಕಿವಿಯಿಂದ ಆರಂಭವಾಗುತ್ತದೆ: ಯಂತ್ರವನ್ನು ಇಳಿಸಿ, ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತಾರೆ. ಗಟ್ಟಿ ಮರದ ದನಿ ಖಣಿಲು, ಕೊಳೆತದ್ದರ ದನಿ ಮೊದ್ದು. ಸಂಶಯವಿದ್ದಲ್ಲಿ ಒಳಗಿನಿಂದ ಸಣ್ಣ ತೂತು ಕೊರೆದು ಹೊರಬಂದ ಹುಡಿಯನ್ನು ನೋಡುತ್ತಾರೆ. ಕಪ್ಪಾಗಿ ಒದ್ದೆಯಾಗಿದ್ದರೆ ಹಲಗೆ ಹೋಯಿತೆಂದು ತಿಳಿಯತಕ್ಕದ್ದು. ಕೊಯ್ಯುವುದಕ್ಕೆ ಮುಂಚೆ ದೋಣಿಯ ಅಡಿಗೆ ಆಸರೆ ಕೊಟ್ಟು, ಎರಡು ಪಕ್ಕಗಳ ನಡುವೆ ಅಡ್ಡಮರ ಬಿಗಿಯಬೇಕು, ಇಲ್ಲವಾದರೆ ಹಿಂಬದಿ ಅಗಲಿಸಿ ಆಕಾರ ಕೆಡುತ್ತದೆ. ಹಲಗೆಯ ಮಾದರಿಯನ್ನು ರಟ್ಟಿನಲ್ಲಿ ಇಳಿಸಿಕೊಳ್ಳುವುದೂ ಆಗಲೇ. ಅನಂತರ ಸುತ್ತಲೂ ಎರಡು ಮೂರು ಅಂಗುಲದ ಅಂಚನ್ನು ಉಳಿಸಿ ಒಳಕವಚವನ್ನು ಮಾತ್ರ ಕೊಯ್ಯುತ್ತಾರೆ. ಹೊರಕವಚವೇ ಹೊಸ ಹಲಗೆಗೆ ಅಚ್ಚಾದುದರಿಂದ ಅದನ್ನು ಮುಟ್ಟುವುದಿಲ್ಲ. ಕೊಳೆತ ಮರ ಕೈಯಲ್ಲಿಯೇ ಬರುತ್ತದೆ. ಗಟ್ಟಿಯಾಗಿ ಅಂಟಿದ್ದನ್ನು ಉಳಿಯಿಂದ ಎಬ್ಬಿಸಬೇಕಾಗುತ್ತದೆ, ದಿನಗಳು ಹಿಡಿಯುವುದು ಇಲ್ಲಿಯೇ. ಕೊನೆಗೆ ಹೊಳಪು ಹೋಗಿ ಗಾಜಿನ ನಾರು ಕಾಣುವವರೆಗೆ ಉಜ್ಜಿ, ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಿ, ಅಸಿಟೋನಿನಿಂದ ಒರಸಿ, ಚೆನ್ನಾಗಿ ಒಣಗಲು ಬಿಡುತ್ತಾರೆ. ಒದ್ದೆಯ ಮೇಲೆ ರಾಳ ಹಿಡಿಯದು.

ಒಣಗಿಸಲು ಬಿಸಿಲು ಬೇಕು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧವಾಗಿರುವಾಗಲೇ ನಾಡದೋಣಿಗಳ ದುಡಿಮೆಯ ಕಾಲ. ಆದುದರಿಂದ ಈ ಕೆಲಸ ಮಳೆಗೆ ಮೊದಲೇ ಮುಗಿಯಬೇಕು. ಮಳೆಗಾಲದ ಅಳಿವೆಬಾಗಿಲಿನಲ್ಲಿ, ತೆರೆಯ ನಡುವೆ, ಹಲಗೆ ಹರಿದು ಯಂತ್ರ ಕಳಚಿದರೆ ದೋಣಿ ಅಡ್ಡ ತಿರುಗುತ್ತದೆ. ಆಮೇಲೆ ಹುಟ್ಟಿನಿಂದ ಆಗುವುದು ಹೆಚ್ಚಿಲ್ಲ. ಹಲಗೆಯನ್ನು ತಟ್ಟಿ ಕೇಳುವವನ ಕಿವಿಯ ಮೇಲೆ ಜೀವಗಳು ನಿಂತಿವೆ.

ಬೆಂಗ್ರೆಯ ದಡದಲ್ಲಿ ಇಂಥ ದೋಣಿಯೊಂದನ್ನು ತೆರೆದಾಗ ನಾವು ಹತ್ತಿರವಿದ್ದೆವು. ಎಡಭಾಗದಲ್ಲಿ ಪ್ಲೈವುಡ್ ಹಿಟ್ಟಾಗಿತ್ತು. ಬಲಭಾಗದಲ್ಲಿ ಎಂದೋ ಯಾರೋ ಕೆಟ್ಟ ತುಂಡನ್ನು ತೆಗೆದು ಹೆಬ್ಬಲಸಿನ ಹಲಗೆಯನ್ನು ಕೂಡಿಸಿದ್ದರು. ಬಾಚಿಯ ಗುರುತುಗಳು ಸ್ಪಷ್ಟವಾಗಿದ್ದವು, ಮರ ಗಟ್ಟಿಯಾಗಿತ್ತು. ದೋಣಿಯನ್ನು ಇನ್ನೊಬ್ಬರಿಂದ ಕೊಂಡಿದ್ದ ಯಜಮಾನರಿಗೆ ಇದರ ಸುಳಿವೇ ಇರಲಿಲ್ಲ. ಬಡಗಿಗೆ ಕೆಲಸವಿಲ್ಲವೆನ್ನುವವರು ನೋಡಬೇಕಾದ ದಾಖಲೆ ಅದು. ಅಂಥವು ಸಾಮಾನ್ಯವಾಗಿ ಅಂದೇ ಸಂಜೆ ಒಲೆಗೆ ಹೋಗುತ್ತವೆ. ನಾವು ಕೇಳಿಕೊಂಡ ಮೇಲೆ ಆ ಹಲಗೆಯನ್ನು ಪಕ್ಕಕ್ಕಿಟ್ಟರು. ಅದರ ಅಳತೆಯನ್ನೂ ಬಾಚಿಯ ಗುರುತುಗಳ ಪಡಿಯಚ್ಚನ್ನೂ ತೆಗೆದುಕೊಂಡಿದ್ದೇವೆ.