ಮಾಡಿದ ಕೆಲಸ, ಲೆಕ್ಕಕ್ಕೆ ಬಂದ ಕೆಲಸ: ಕರ್ನಾಟಕದ ಆಶಾ ಕಾರ್ಯಕರ್ತೆಯರ ಅನ್ಯಾಯಪ್ರಜ್ಞೆಯ ಸ್ವರೂಪ

2025ರ ಜನವರಿ 7ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಆರಂಭಿಸಿದ ಅಹೋರಾತ್ರಿ ಧರಣಿ ನಾಲ್ಕನೆಯ ದಿನ ಮುಗಿಯಿತು. ರಾಜ್ಯದ ಗೌರವಧನ, ಕೇಂದ್ರದ ಪ್ರೋತ್ಸಾಹಧನ ಎರಡೂ ಸೇರಿ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ನೋಡಿಕೊಳ್ಳುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟಿದ್ದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಕಾರ್ಯಕರ್ತೆಯರು ಅದೇ ಜಾಗಕ್ಕೆ ಮತ್ತೆ ಬಂದು ಕೂತರು. ಸಾರ್ವಜನಿಕ ಚರ್ಚೆಯಲ್ಲಿ ಈ ಹೋರಾಟಗಳು ಬಹುಮಟ್ಟಿಗೆ ಹಣದ ಬೇಡಿಕೆಯಾಗಿಯೇ ಉಳಿದವು. 2020ರಲ್ಲಿ 12,000, 2025ರಲ್ಲಿ 15,000 ಎಂದು ಬೇಡಿಕೆಯ ಮೊತ್ತವಷ್ಟೇ ಜನರ ನೆನಪಿನಲ್ಲಿ ನಿಂತಿತು. ಆದರೆ ಬೇಡಿಕೆಪತ್ರದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಅಂಶವಿತ್ತು. ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಆರೋಗ್ಯದ ದಾಖಲೆಗಳಿರುವ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿರುವುದನ್ನು ಕೈಬಿಡಬೇಕು, ಅದರಿಂದ ದುಡಿದ ಹಣ ಕೈಗೆ ಬರುತ್ತಿಲ್ಲ ಎಂಬುದು ಆ ಅಂಶ. ಆಶಾ ಕಾರ್ಯಕರ್ತೆಯರ ಅನ್ಯಾಯಪ್ರಜ್ಞೆಯ ತಿರುಳು ಇರುವುದು ಇಲ್ಲೇ ಎಂಬುದು ಈ ಲೇಖನದ ವಾದ. ಕಡಿಮೆ ಹಣ ಅವರನ್ನು ನೋಯಿಸುತ್ತದೆ, ನಿಜ. ಅದಕ್ಕಿಂತ ಆಳವಾಗಿ ನೋಯಿಸುವುದು ಮಾಡಿದ ಕೆಲಸ ಲೆಕ್ಕಕ್ಕೇ ಬಾರದೆ ಹೋಗುವುದು ಮತ್ತು ಏಕೆ ಬರಲಿಲ್ಲ ಎಂದು ಕೇಳಲು ಜಾಗವಿಲ್ಲದಿರುವುದು.

ದುಡಿಮೆಯ ಜಾಗದಲ್ಲಿ ಮನುಷ್ಯರು ನ್ಯಾಯಾನ್ಯಾಯವನ್ನು ಹೇಗೆ ತೂಗುತ್ತಾರೆ ಎಂಬ ಅಧ್ಯಯನಕ್ಕೆ ಅರುವತ್ತು ವರ್ಷಗಳ ಇತಿಹಾಸವಿದೆ. ತಾನು ಹಾಕಿದ್ದಕ್ಕೂ ಪಡೆದದ್ದಕ್ಕೂ ಇರುವ ಪ್ರಮಾಣವನ್ನು ಮನುಷ್ಯ ಇನ್ನೊಬ್ಬರ ಪ್ರಮಾಣದೊಂದಿಗೆ ಹೋಲಿಸಿ ನೋಡುತ್ತಾನೆ ಎಂದು ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ವಾದಿಸಿದರು. ಇದು ಹಂಚಿಕೆಯ ನ್ಯಾಯ. ಸಿಕ್ಕ ಫಲ ಕಹಿಯಾದರೂ ತೀರ್ಮಾನದ ದಾರಿ ಸರಿಯಿದ್ದರೆ ಜನ ಒಪ್ಪುತ್ತಾರೆ ಎಂದು ಥಿಬೊ ಮತ್ತು ವಾಕರ್ 1975ರಲ್ಲಿ ತೋರಿಸಿದರು. ಇದು ಪ್ರಕ್ರಿಯೆಯ ನ್ಯಾಯ. ಆ ದಾರಿ ಹೇಗಿರಬೇಕೆಂಬುದಕ್ಕೆ 1980ರಲ್ಲಿ ಲೆವೆಂಥಾಲ್ ಆರು ನಿಯಮಗಳನ್ನು ಕೊಟ್ಟರು. ಎಲ್ಲರಿಗೂ ಒಂದೇ ಅಳತೆಗೋಲು, ಮಾಹಿತಿಯ ನಿಖರತೆ, ತಪ್ಪಾದರೆ ತಿದ್ದಲು ಅವಕಾಶ ಇವು ಅವುಗಳಲ್ಲಿ ಸೇರಿವೆ. 1986ರಲ್ಲಿ ಬೀಸ್ ಮತ್ತು ಮೋಗ್ ಮೂರನೆಯದನ್ನು ಸೇರಿಸಿದರು: ಮೇಲಿನವರು ನಮ್ಮೊಂದಿಗೆ ಹೇಗೆ ಮಾತಾಡುತ್ತಾರೆ, ಕಾರಣ ಹೇಳುತ್ತಾರೋ ಇಲ್ಲವೋ ಎಂಬ ನಡವಳಿಕೆಯ ನ್ಯಾಯ. ಆರೋಗ್ಯ ಕ್ಷೇತ್ರದ ಮಟ್ಟಿಗೆ ಜೆರಾಲ್ಡ್ ಗ್ರೀನ್‌ಬರ್ಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಮುಖ್ಯವಾದದ್ದು. ನಾಲ್ಕು ಆಸ್ಪತ್ರೆಗಳ 467 ನರ್ಸ್‌ಗಳ ನಿದ್ರೆಯನ್ನು ಅವರು ಅಳೆದರು. ಎರಡು ಆಸ್ಪತ್ರೆಗಳಲ್ಲಿ ವೇತನದ ನಿಯಮ ಬದಲಾಗಿ ನರ್ಸ್‌ಗಳ ಸಂಬಳ ಕಡಿಮೆಯಾಗಿತ್ತು, ಉಳಿದೆರಡರಲ್ಲಿ ಹಾಗೆಯೇ ಇತ್ತು. ಸಂಬಳ ಕಡಿತವಾದವರಲ್ಲಿ ನಿದ್ರಾಹೀನತೆ ಹೆಚ್ಚಾಯಿತು. ಆದರೆ ಮೇಲ್ವಿಚಾರಕರಿಗೆ ಗೌರವದಿಂದ ನಡೆದುಕೊಳ್ಳುವ, ಕಾರಣ ವಿವರಿಸುವ ತರಬೇತಿ ಕೊಟ್ಟಿದ್ದ ಆಸ್ಪತ್ರೆಯಲ್ಲಿ ಆ ಹೆಚ್ಚಳ ಕಡಿಮೆಯಿತ್ತು, ಆರು ತಿಂಗಳ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಫಿನ್ಲೆಂಡಿನ ಆಸ್ಪತ್ರೆ ಸಿಬ್ಬಂದಿಯನ್ನು ಕುರಿತು ಎಲೊವೈನಿಯೊ, ಕಿವಿಮ್ಯಾಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಅನ್ಯಾಯದ ಭಾವನೆಗೂ ಅನಾರೋಗ್ಯದ ರಜೆಗೂ ಇರುವ ನಂಟನ್ನು ತೋರಿಸಿವೆ. ಅನ್ಯಾಯವೆನ್ನುವುದು ಬರೀ ಅಸಮಾಧಾನವಾಗಿ ಉಳಿಯುವುದಿಲ್ಲ, ಮೈಗೂ ಇಳಿಯುತ್ತದೆ.

ಈ ಅಧ್ಯಯನಗಳೆಲ್ಲ ಸಂಬಳ, ರಜೆ, ಹುದ್ದೆ ಇರುವ ನೌಕರರನ್ನು ಕುರಿತವು. ಆಶಾ ಕಾರ್ಯಕರ್ತೆಗೆ ಈ ಮೂರೂ ಇಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಹೆಣ್ಣುಮಗಳನ್ನು ಸ್ವಯಂಸೇವಕಿಯಾಗಿ ಆರಿಸಿ, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ರೂಪುಗೊಂಡಿತು. ಕರ್ನಾಟಕದಲ್ಲಿ ಇಂದು ಸುಮಾರು 42,000 ಮಂದಿ ಹೀಗೆ ದುಡಿಯುತ್ತಿದ್ದಾರೆ, ರಾಜ್ಯ ಸರ್ಕಾರ ಇವರಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನವನ್ನೂ ಕೊಡುತ್ತದೆ. ಆಡಮ್ಸ್ ಹೇಳುವ ಹೋಲಿಕೆಗೆ ಊರಲ್ಲೇ ಜನರಿದ್ದಾರೆ. ತಿಂಗಳ ನಿಗದಿತ ಗೌರವಧನದ ಅಂಗನವಾಡಿ ಕಾರ್ಯಕರ್ತೆ ಒಬ್ಬರು, ಸರ್ಕಾರಿ ಸಂಬಳದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಇನ್ನೊಬ್ಬರು. ಈ ಹೋಲಿಕೆ ನಡೆಯುವುದಿಲ್ಲ ಎಂದಲ್ಲ. ಆದರೆ ಕೆಲಸಕ್ಕಿಷ್ಟು ಎಂಬ ವ್ಯವಸ್ಥೆಯಲ್ಲಿ ಇನ್ನೊಂದು ಹೋಲಿಕೆ ಪ್ರತಿ ತಿಂಗಳೂ ತಾನಾಗಿ ಎದುರಾಗುತ್ತದೆ. ತನ್ನ ಡೈರಿಯಲ್ಲಿ ಬರೆದಿಟ್ಟ ಕೆಲಸ ಒಂದು ಕಡೆ, ಖಾತೆಗೆ ಜಮೆಯಾದ ಮೊತ್ತ ಇನ್ನೊಂದು ಕಡೆ. ಅವಳು ತನ್ನನ್ನು ತನ್ನೊಂದಿಗೇ ಹೋಲಿಸಿಕೊಳ್ಳುವಂತೆ ವ್ಯವಸ್ಥೆಯೇ ಮಾಡಿದೆ. ಇಲ್ಲಿ ಕಾಣುವ ಕೊರತೆಗೆ ಅದೃಷ್ಟವನ್ನಾಗಲಿ ಓದಿನ ವ್ಯತ್ಯಾಸವನ್ನಾಗಲಿ ಕಾರಣ ಕೊಟ್ಟು ಸಮಾಧಾನಪಡಲು ಆಗುವುದಿಲ್ಲ.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ನೋಡಬೇಕು. ತೂಕ ತೆಗೆಯಬೇಕು, ಮೈ ಬಿಸಿ ನೋಡಬೇಕು, ಮಗು ಹಾಲು ಕುಡಿಯುತ್ತಿದೆಯೇ ಎಂದು ಗಮನಿಸಬೇಕು, ಬಾಣಂತಿಗೆ ರಕ್ತಸ್ರಾವ, ಜ್ವರ ಇದೆಯೇ ಎಂದು ಕೇಳಬೇಕು, ನಮೂನೆ ತುಂಬಬೇಕು. ಆರು ಭೇಟಿಗಳೂ ಮುಗಿದರೆ 250 ರೂಪಾಯಿ, ಅಂದರೆ ಭೇಟಿಗೆ ಸುಮಾರು 42 ರೂಪಾಯಿ. ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮೀಣ ಪ್ರದೇಶದ ಹೆರಿಗೆಯೊಂದಕ್ಕೆ 600 ರೂಪಾಯಿ. ಅದರಲ್ಲಿ ಅರ್ಧ ಗರ್ಭಿಣಿಯ ಆರೈಕೆಗೆ, ಇನ್ನರ್ಧ ಆಸ್ಪತ್ರೆಯ ಹೆರಿಗೆಗೆ ನೆರವಾದುದಕ್ಕೆ. ಈಗ ನಮ್ಮ ನಾಡಿನ ರೂಢಿಯನ್ನು ಇದರ ಪಕ್ಕದಲ್ಲಿಡಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ, ಬಾಣಂತನ ಅಲ್ಲಿಯೇ ನಡೆಯುತ್ತದೆ. ಮೂರನೆಯ ತಿಂಗಳಿಂದ ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣದ ಮಾತ್ರೆ ನುಂಗಿಸಿ, ತಪಾಸಣೆಗೆ ಕರೆದೊಯ್ದವಳು ಗಂಡನ ಊರಿನ ಆಶಾ. ಹೆರಿಗೆಯ ರಾತ್ರಿ ಜೊತೆಗಿದ್ದವಳು, ಮಗುವಿನ ತೂಕ ತೆಗೆದವಳು ತವರಿನ ಆಶಾ. ಇಬ್ಬರ ಕೆಲಸವೂ ಹಣವಾಗಬೇಕಾದರೆ ಎರಡು ಊರುಗಳ, ಹಲವೊಮ್ಮೆ ಎರಡು ಜಿಲ್ಲೆಗಳ ದಾಖಲೆಗಳು ಪೋರ್ಟಲ್‌ನಲ್ಲಿ ಒಂದಕ್ಕೊಂದು ಕೂಡಬೇಕು. ಅದನ್ನು ಕೂಡಿಸುವ ಕೈ ಇವರಿಬ್ಬರದ್ದೂ ಅಲ್ಲ. ಪೋರ್ಟಲ್‌ಗೆ ಮಾಹಿತಿ ತುಂಬುವವರು ಬೇರೆ, ಸಹಿ ಮಾಡುವವರು ಬೇರೆ. ನೆಟ್‌ವರ್ಕ್ ಇಲ್ಲದ್ದರಿಂದ, ಹೆಸರಿನ ಒಂದಕ್ಷರ ತಪ್ಪಿದ್ದರಿಂದ, ಎಂಟ್ರಿ ತಡವಾದದ್ದರಿಂದ ಆಗುವ ನಷ್ಟ ಮಾತ್ರ ಕೆಲಸ ಮಾಡಿದವಳ ಪಾಲಿನದು.

ಲೆವೆಂಥಾಲ್ ಪಟ್ಟಿಯ ಯಾವ ನಿಯಮ ಇಲ್ಲಿ ಮುರಿಯುತ್ತದೆ ಎಂದು ಕೇಳಿದರೆ ನಿಖರತೆ ಮತ್ತು ತಿದ್ದುಪಡಿ ಎರಡೂ ಎನ್ನಬೇಕು. ಅವುಗಳಲ್ಲಿ ತಿದ್ದುಪಡಿಯ ಅವಕಾಶವೇ ಹೆಚ್ಚು ಮುಖ್ಯವಾದದ್ದು. ಯಾವ ಲೆಕ್ಕದಲ್ಲೂ ತಪ್ಪು ಬರುತ್ತದೆ, ತಪ್ಪನ್ನು ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದು ಗೊತ್ತಿದ್ದರೆ ಅದು ಅನ್ಯಾಯವಾಗುವುದಿಲ್ಲ. ಆದರೆ ಬ್ಯಾಂಕಿನಿಂದ ಬರುವ ಒಟ್ಟು ಮೊತ್ತದ ಸಂದೇಶ ಯಾವ ಮಗುವಿನ ಭೇಟಿ ಬಿಟ್ಟುಹೋಯಿತು ಎಂದು ಹೇಳುವುದಿಲ್ಲ. ಕೊಪ್ಪಳ ಜಿಲ್ಲೆಯ ಆರೋಗ್ಯಾಡಳಿತ ಕುರಿತು ಸಂಶೋಧಕಿ ಆಶಾ ಜಾರ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಹಿನ್ನೆಲೆ ಒದಗಿಸುತ್ತದೆ. ಅವರ ವಿಷಯ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಮೇಲ್ವಿಚಾರಣೆ ಮತ್ತು ಶಿಸ್ತುಕ್ರಮ. ಮಾಹಿತಿ ಸಂಗ್ರಹದ ವ್ಯವಸ್ಥೆ ದೊಡ್ಡದಾಗಿಯೇ ಇದ್ದರೂ ಅದು ಯೋಜನೆಗಾಗಲಿ ಸ್ಪಂದನೆಗಾಗಲಿ ದಾರಿ ತೋರುತ್ತಿರಲಿಲ್ಲ, ಶಿಸ್ತುಕ್ರಮಗಳು ಹೇರಳವಾಗಿದ್ದರೂ ಶಿಸ್ತು ಕಾಣುತ್ತಿರಲಿಲ್ಲ, ಕೊಡು-ಕೊಳ್ಳುವ ಒಳ ಒಪ್ಪಂದಗಳೇ ಮೇಲುಗೈ ಪಡೆದಿದ್ದವು ಎಂದು ಅವರು ಕಂಡರು. ಕಾಗದ ಮೇಲಕ್ಕೆ ಹೋಗುತ್ತದೆ, ಉತ್ತರ ಕೆಳಕ್ಕೆ ಬರುವುದಿಲ್ಲ. ಕಾಗದದ ಜಾಗದಲ್ಲಿ ಪೋರ್ಟಲ್ ಬಂದ ಮೇಲೆ ಕೊನೆಯ ಮೆಟ್ಟಿಲಲ್ಲಿರುವ ಹೆಣ್ಣುಮಗಳ ಆದಾಯವನ್ನೂ ಅದೇ ಏಕಮುಖ ಹರಿವಿಗೆ ಕಟ್ಟಲಾಯಿತು.

ಹಾಗಾದರೆ ಇದಕ್ಕೆ ಅವರ ಪ್ರತಿಕ್ರಿಯೆ ಏನು? ಅತೃಪ್ತಿಗೆ ಮನುಷ್ಯರ ಮುಂದೆ ಬಿಟ್ಟುಹೋಗುವುದು, ದನಿಯೆತ್ತುವುದು ಎಂಬ ದಾರಿಗಳಿವೆ, ಇವೆರಡರ ನಡುವೆ ನಿಷ್ಠೆ ಕೆಲಸ ಮಾಡುತ್ತದೆ ಎಂದು ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಬರೆದರು. ಮುಂದಿನ ಸಂಶೋಧಕರು ಕೆಲಸವನ್ನು ಅಸಡ್ಡೆ ಮಾಡುವುದನ್ನೂ ಸೇರಿಸಿದರು. ಆಶಾ ಕಾರ್ಯಕರ್ತೆಗೆ ಅಸಡ್ಡೆಯ ದಾರಿ ಬಹುಪಾಲು ಮುಚ್ಚಿದೆ. ಅವಳು ನೋಡಬೇಕಾದ ಬಾಣಂತಿ ಪಕ್ಕದ ಬೀದಿಯವಳು, ನಾಳೆ ನೀರಿಗೆ ಹೋದಾಗ ಎದುರಾಗುವವಳು. ಆರೈಕೆ ತಪ್ಪಿದರೆ ಅದನ್ನು ಪ್ರಶ್ನಿಸುವುದು ಇಲಾಖೆಗಿಂತ ಮೊದಲು ಊರು. ಬಿಟ್ಟುಹೋಗುವುದೂ ಸುಲಭವಲ್ಲ, ಮನೆ ಬಾಗಿಲಲ್ಲೇ ಇರುವ, ಊರಿನಲ್ಲಿ ಒಂದು ಸ್ಥಾನ ಕೊಟ್ಟ ಕೆಲಸವಿದು. ಉಳಿದದ್ದು ದನಿ, ಅದೂ ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ. ಒಬ್ಬಳೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಕೇಳಿದರೆ ಮುಂದಿನ ತಿಂಗಳ ಸಹಿಗೆ ಅದೇ ಮೇಜಿನ ಮುಂದೆ ನಿಲ್ಲಬೇಕು. ಆ ಮೇಜಿನ ಮುಂದೆ ಕೇಳಲಾಗದ ಪ್ರಶ್ನೆ ರಾಜಧಾನಿಯಲ್ಲಿ ಸಾವಿರಾರು ಜನರ ಘೋಷಣೆಯಾಗುತ್ತದೆ. ಬೀದಿಯ ಹೋರಾಟವನ್ನು ಸಂಘಟನೆಗಳ ಚಿತಾವಣೆ ಎನ್ನುವವರು ಇದನ್ನು ಗಮನಿಸಬೇಕು. ಹತ್ತಿರದಲ್ಲಿ ಅಹವಾಲು ಹೇಳುವ ಜಾಗವಿಲ್ಲದ ಕಡೆ ದೂರದ ಮೈದಾನವೇ ಆ ಜಾಗವಾಗುತ್ತದೆ. ಹರಿಯಾಣದ ಆಶಾ ಕಾರ್ಯಕರ್ತೆಯರು 2021ರಲ್ಲಿ ಸರ್ಕಾರ ತಮ್ಮ ಮೊಬೈಲಿಗೆ ಹಾಕಿಸಲು ಹೊರಟ ನಿಗಾ ಆ್ಯಪನ್ನು ವಿರೋಧಿಸಿದ್ದೂ ಇದೇ ಜಾಡಿನದು. ಅವರ ಸಿಟ್ಟು ರೋಗಿಯ ಮೇಲಿರಲಿಲ್ಲ, ತಮ್ಮನ್ನು ಅಳೆಯುವ ಸಾಧನದ ಮೇಲಿತ್ತು.

ಗೌರವದ ಮಾತಿನಿಂದ ನೋವು ತಗ್ಗುತ್ತದೆ ಎಂಬ ಗ್ರೀನ್‌ಬರ್ಗ್ ಅವರ ಫಲಿತಾಂಶವನ್ನು ಇಲ್ಲಿ ಎಚ್ಚರದಿಂದ ಓದಬೇಕು. ಕೋವಿಡ್ ಕಾಲದಲ್ಲಿ ಮನೆಮನೆ ಸರ್ವೆಗೆ ಹೋದ ಇವರನ್ನು ವಾರಿಯರ್‌ಗಳೆಂದು ಕರೆದು ಹೂಮಳೆಗರೆದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚಿನ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಘೋಷಿಸಿತು. ಗೌರವವೊಂದೇ ಸಾಕಾಗಿದ್ದರೆ ಅನ್ಯಾಯದ ಭಾವನೆ ಕರಗಬೇಕಿತ್ತು. ಆದರೆ ಹೂಮಳೆಯ ಕೆಲವೇ ತಿಂಗಳಿಗೆ, 2020ರ ಜುಲೈನಲ್ಲಿ, ನಿಗದಿತ ಗೌರವಧನದ ಜೊತೆಗೆ ಮಾಸ್ಕ್, ಸ್ಯಾನಿಟೈಸರ್‌ಗಳನ್ನೂ ಕೇಳುತ್ತ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ಗ್ರೀನ್‌ಬರ್ಗ್ ಅವರ ಮೇಲ್ವಿಚಾರಕರು ನರ್ಸ್‌ಗಳನ್ನು ಹೊಗಳಲಿಲ್ಲ, ಅವರಿಗೆ ವಿವರಣೆ ಕೊಟ್ಟರು. ದೂರದಿಂದ ಬಂದ ಹೊಗಳಿಕೆ ಪಕ್ಕದಲ್ಲಿರುವವರ ವಿವರಣೆಗೆ ಬದಲಿಯಾಗುವುದಿಲ್ಲ. ಬದಲಾಗಿ, ಇಷ್ಟು ದೊಡ್ಡ ಕೆಲಸವೆಂದು ಜಗತ್ತೇ ಒಪ್ಪಿದ ಮೇಲೂ ನಮ್ಮ ಪಿಎಚ್‌ಸಿಯ ಲೆಕ್ಕದಲ್ಲಿ ಅದೇಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಅವರು ಸ್ವಯಂಸೇವಕಿಯರು, ಷರತ್ತು ತಿಳಿದೇ ಒಪ್ಪಿ ಬಂದವರು ಎಂಬುದು. ಕಾನೂನಿನ ಬೆಂಬಲವೂ ಇದಕ್ಕೆ ಒಂದು ಕಾಲಕ್ಕೆ ಇತ್ತು. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಆದರೆ 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿಯ ಹಕ್ಕಿದೆ, ಗೌರವಧನವೆಂದು ಕರೆದರೂ ಅದು ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ತೀರ್ಪಿತ್ತಿತು. ಅಂಗನವಾಡಿ, ಆಶಾದಂಥ ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು 2013ರಲ್ಲೇ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದೆ. ಗ್ರಾಚ್ಯುಟಿಯ ತೀರ್ಪು ಆಶಾ ಕಾರ್ಯಕರ್ತೆಯರಿಗೆ ನೇರವಾಗಿ ಅನ್ವಯಿಸದಿದ್ದರೂ ಗಾಳಿ ಬೀಸುವ ದಿಕ್ಕು ಸ್ಪಷ್ಟವಿದೆ. ಅದೆಲ್ಲ ಬದಿಗಿರಲಿ, ಸ್ವಯಂಸೇವಕಿ ಎಂದೇ ಇಟ್ಟುಕೊಂಡರೂ ಒಪ್ಪಿದ ಷರತ್ತಿನಂತೆ ಮಾಡಿದ ಕೆಲಸದ ಲೆಕ್ಕವನ್ನು ಸರಿಯಾಗಿ ಇಡುವ ಹೊಣೆ ಕೊಡುವವರ ಮೇಲಿದ್ದೇ ಇರುತ್ತದೆ. ನಿಗದಿತ ಸಂಬಳ ಕೊಟ್ಟರೆ ಕೆಲಸದ ಹುರುಪು ಕುಗ್ಗುತ್ತದೆ ಎಂಬ ಎರಡನೆಯ ಆಕ್ಷೇಪಕ್ಕೂ ಇದೇ ಉತ್ತರ. ಪ್ರೋತ್ಸಾಹಧನ ಹುರುಪು ಕೊಡಬೇಕಾದರೆ ಕೆಲಸಕ್ಕೂ ಹಣಕ್ಕೂ ಇರುವ ಸಂಬಂಧ ಕಣ್ಣಿಗೆ ಕಾಣಬೇಕು, ಅದು ಕಾಣದ ಕಡೆ ಪ್ರೋತ್ಸಾಹದ ತರ್ಕವೇ ಬೀಳುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಹೋರಾಟದ ಕಡೆಯಿಂದಲೇ ಬರಬಹುದು. ಪ್ರಕ್ರಿಯೆಯ ಮಾತಾಡಿದರೆ ಹಣದ ಬೇಡಿಕೆ ತೆಳುವಾಗುತ್ತದೆ, ಸರ್ಕಾರ ಒಂದು ಪೋರ್ಟಲ್ ಸರಿಪಡಿಸಿ ಕೈತೊಳೆದುಕೊಳ್ಳುತ್ತದೆ ಎಂಬ ಭಯ ಸಕಾರಣವಾದದ್ದೇ. ಭೇಟಿಗೆ 42 ರೂಪಾಯಿ ಎಷ್ಟು ನಿಖರವಾಗಿ ಜಮೆಯಾದರೂ ನ್ಯಾಯವಾಗುವುದಿಲ್ಲ. ಗ್ರೀನ್‌ಬರ್ಗ್ ಅವರ ಅಧ್ಯಯನದಲ್ಲೂ ಒಳ್ಳೆಯ ನಡವಳಿಕೆ ನಿದ್ರಾಹೀನತೆಯನ್ನು ತಗ್ಗಿಸಿತೇ ಹೊರತು ಕಡಿತವಾದ ಸಂಬಳವನ್ನು ಮರಳಿ ಕೊಡಲಿಲ್ಲ. ಆದರೆ ಜನವರಿಯ ಭರವಸೆಯನ್ನೇ ನೋಡಿ. ಎರಡೂ ಮೂಲಗಳಿಂದ ಸೇರಿ 10,000 ಎಂದಾಗ, ಕೊರತೆ ಬಿದ್ದರೆ ಎಷ್ಟು ತುಂಬಿಕೊಡಬೇಕು ಎಂಬುದು ಪ್ರೋತ್ಸಾಹಧನದ ಲೆಕ್ಕದ ಮೇಲೆಯೇ ನಿಲ್ಲುತ್ತದೆ. ಲೆಕ್ಕ ನಂಬಿಕೆಗೆ ಅರ್ಹವಲ್ಲದಿದ್ದರೆ ಕನಿಷ್ಠ ಮೊತ್ತದ ಖಾತರಿಯೂ ನಂಬಿಕೆ ಹುಟ್ಟಿಸುವುದಿಲ್ಲ. ಕೇಂದ್ರ ಸರ್ಕಾರ 2025ರಲ್ಲಿ ಮಾಸಿಕ ನಿಶ್ಚಿತ ಪ್ರೋತ್ಸಾಹಧನವನ್ನು 2,000ದಿಂದ 3,500 ರೂಪಾಯಿಗೆ ಏರಿಸಿದ್ದು ಒಳ್ಳೆಯದೇ, ಆದರೆ ಕೆಲಸಕ್ಕಿಷ್ಟು ಎಂಬ ಉಳಿದ ಭಾಗದ ಗೊಂದಲವನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಹಣ ಮತ್ತು ಲೆಕ್ಕ ಎರಡನ್ನೂ ಒಟ್ಟಿಗೇ ಕೇಳಬೇಕು. ಹಣದ ಪ್ರಶ್ನೆಗೆ ಬಜೆಟ್ ಬೇಕು, ಕೇಂದ್ರದ ಒಪ್ಪಿಗೆ ಬೇಕು. ಲೆಕ್ಕದ ಪ್ರಶ್ನೆಗೆ ಅವೆರಡೂ ಬೇಡ. ಪ್ರತಿ ತಿಂಗಳೂ ಪ್ರತಿ ಕಾರ್ಯಕರ್ತೆಯ ಕೈಗೆ ಕನ್ನಡದಲ್ಲಿ ಒಂದು ಪಾವತಿ ಚೀಟಿ ಸಿಗಬೇಕು. ಅವಳು ಸಲ್ಲಿಸಿದ ಕೆಲಸಗಳು, ಒಪ್ಪಿದವು, ಕೈಬಿಟ್ಟವು, ಕೈಬಿಟ್ಟದ್ದಕ್ಕೆ ಕಾರಣ ಅದರಲ್ಲಿರಬೇಕು. ಆಕ್ಷೇಪ ಸಲ್ಲಿಸಲು ಸಹಿ ಹಾಕುವ ಅಧಿಕಾರಿಯಲ್ಲದ ಇನ್ನೊಬ್ಬರು ತಾಲ್ಲೂಕು ಮಟ್ಟದಲ್ಲಿ ಇರಬೇಕು, ಉತ್ತರಕ್ಕೆ ಗಡುವಿರಬೇಕು, ಪೋರ್ಟಲ್‌ನ ತಪ್ಪಿಗೆ ಅವಳ ಹಣ ತಡೆಹಿಡಿಯಬಾರದು. ಇಷ್ಟನ್ನು ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆಯಲ್ಲಿ ಆದೇಶಿಸಬಹುದು. ಆ ಸುತ್ತೋಲೆಯನ್ನು ಅದು ಈಗಲೇ ಹೊರಡಿಸಬೇಕು.